ಭಾರ ಯಾರದು?



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಸಂತ ಎರಡನೆಯ ಜಾನ್ ಪಾಲರು ಆ ದಿನವನ್ನು ವಿಶ್ವ ರೋಗಿಗಳ ದಿನವೆಂದು 1992ರಲ್ಲಿ ಸಾರಿದರು. 1993ರಿಂದ ಧರ್ಮಸಭೆ ಅದನ್ನು ಪ್ರತಿವರ್ಷ ಆಚರಿಸುತ್ತ ಬಂದಿದೆ. ನಮ್ಮ ದೇವಾಲಯದಲ್ಲೂ ಅಂದಿನ ಬಲಿಪೂಜೆಯಲ್ಲಿ ರೋಗಿಗಳ ಅಭ್ಯಂಗ ನಡೆಯುತ್ತದೆ. ಮುಂದಿನ ಎರಡು ಸಾಲಿನ ಬೆಂಚುಗಳಲ್ಲಿ ಕಾಯಿಲೆಯವರು ಕೂರುತ್ತಾರೆ, ಹಿಂದೆ ನಾವೆಲ್ಲ ನಿಂತು ಹಾಡುತ್ತೇವೆ. ಪೂಜೆ ಮುಗಿದ ಮೇಲೆ ಅವರು ತಮ್ಮ ಮನೆಗೆ ಹೋಗುತ್ತಾರೆ, ನಾವು ನಮ್ಮ ಮನೆಗೆ ಬರುತ್ತೇವೆ.

ಕೆಲವು ವರ್ಷದ ಹಿಂದೆ ಹಾಗೆ ಮುಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ತಾಯಿ ದೇವಾಲಯದ ಜಗುಲಿಯ ಮೇಲೆ ನನ್ನನ್ನು ತಡೆದು ನಿಲ್ಲಿಸಿದರು. ಅವರ ಮಗ ನನ್ನ ಶಾಲೆಯಲ್ಲಿ ಓದಿದವನು. ಅವರಿಗೆ ಎದೆಯಲ್ಲಿ ಗಂಟು ಕಂಡು ಪರೀಕ್ಷೆಯಾಗಿ, ಕ್ಯಾನ್ಸರ್ ಎಂದು ತಿಳಿದು ಮೂರು ವಾರವಾಗಿತ್ತು. ಅವರು ಕೇಳಿದ್ದು ಇಷ್ಟು: "ಹೊಲ ಮಾರ್ಬ್ಯಾಡಿ ಅಂತ ಹೇಳ್ಬುಟ್ಟಿವ್ನಿ ಟೀಚರಮ್ಮ. ನಾನಿದ್ರೆ ಇನ್ನೊಂದೈದು ವರ್ಸ, ಹೊಲ ಇದ್ರೆ ಮೊಮ್ಮಕ್ಕಳ ಕಾಲಕ್ಕೂ ಆಯ್ತದೆ. ಔಸ್ತಿ ಬ್ಯಾಡ ಅಂದ್ರೆ ಪಾಪ ಆಯ್ತದಾ?"

ನಾನು ಮೂವತ್ತು ವರ್ಷ ಪಾಠ ಹೇಳಿದವಳು. ಭಾನುವಾರದ ಧರ್ಮೋಪದೇಶ ತರಗತಿಯನ್ನೂ ನಡೆಸಿದವಳು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರ ಇರಲಿಲ್ಲ. "ದೇವರಿದ್ದಾನೆ, ಹೆದರಬೇಡಿ" ಎಂದು ಹೇಳಿ ಬಂದೆ. ಅದು ಉತ್ತರವಲ್ಲ, ತಪ್ಪಿಸಿಕೊಳ್ಳುವ ದಾರಿ ಎಂದು ಮನೆ ಮುಟ್ಟುವ ಮೊದಲೇ ನನಗೆ ಗೊತ್ತಾಯಿತು. ಆ ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ, ಇದನ್ನು ಬರೆಯುತ್ತಿದ್ದೇನೆ.

ಮೊದಲು ಧರ್ಮಸಭೆ ಏನು ಹೇಳುತ್ತದೆ ನೋಡೋಣ. ಜೀವ ದೇವರ ಕೊಡುಗೆ, ಅದನ್ನು ಕಾಪಾಡಿಕೊಳ್ಳುವುದು ನಮ್ಮ ಕರ್ತವ್ಯ. ಆದರೆ ಏನೇ ಆಗಲಿ, ಎಷ್ಟೇ ಖರ್ಚಾಗಲಿ, ಸಾವನ್ನು ಮುಂದಕ್ಕೆ ತಳ್ಳುತ್ತಲೇ ಇರಬೇಕೆಂದು ಧರ್ಮಸಭೆ ಎಂದೂ ಹೇಳಿಲ್ಲ. 1957ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ಸರು ವೈದ್ಯರೊಡನೆ ಮಾತನಾಡುತ್ತ, ಸಾಮಾನ್ಯ ಚಿಕಿತ್ಸೆ ಪಡೆಯುವುದು ಕರ್ತವ್ಯ, ತನಗೂ ಇತರರಿಗೂ ಮಿತಿಮೀರಿದ ಹೊರೆಯಾಗುವ ಚಿಕಿತ್ಸೆಗೆ ಯಾರೂ ಬದ್ಧರಲ್ಲ ಎಂಬ ಹಳೆಯ ಬೋಧನೆಯನ್ನು ಸ್ಪಷ್ಟಪಡಿಸಿದರು. 1980ರಲ್ಲಿ ರೋಮಿನಿಂದ ಬಂದ ದಯಾಮರಣ ಕುರಿತ ಘೋಷಣೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕುಟುಂಬದ ಮೇಲಾಗಲಿ ಸಮುದಾಯದ ಮೇಲಾಗಲಿ ವಿಪರೀತ ಖರ್ಚು ಹೇರಬಾರದು ಎಂಬ ಬಯಕೆಯಿಂದ ಅಂಥ ಚಿಕಿತ್ಸೆಯನ್ನು ಬೇಡವೆನ್ನುವುದು ಆತ್ಮಹತ್ಯೆಗೆ ಸಮವಲ್ಲ ಎಂದು ಹೇಳಿತು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲೂ 2278ನೆಯ ಅಂಕಣದಲ್ಲಿ ಈ ಬೋಧನೆ ಇದೆ.

ಇದನ್ನು ಗುರುಗಳಲ್ಲಿ ಕೇಳಿ ಖಚಿತ ಮಾಡಿಕೊಂಡ ಮೇಲೆ ನನಗೆ ಸಮಾಧಾನವಾಯಿತು. ಆ ತಾಯಿಯ ಮನೆಗೆ ಹೋಗಿ "ಪಾಪವಿಲ್ಲ" ಎಂದು ಹೇಳಿಬಿಡಬಹುದು ಅಂದುಕೊಂಡೆ. ಆದರೆ ರಾತ್ರಿ ಮಲಗಿದಾಗ ಸಮಾಧಾನ ಉಳಿಯಲಿಲ್ಲ. ಈ ಬೋಧನೆಯನ್ನು ಧರ್ಮಸಭೆ ಬಡವರನ್ನು ಬೇಗ ಕಳುಹಿಸಿಕೊಡುವುದಕ್ಕೆ ಹೇಳಿತೇ? ಹಣವಿದ್ದವರಿಗೆ ಸಾಮಾನ್ಯವಾದ ಚಿಕಿತ್ಸೆ ಹಣವಿಲ್ಲದವರಿಗೆ ಅಸಾಮಾನ್ಯವಾಗುತ್ತದೆ ಎಂದರೆ, ದೇವರ ಆಜ್ಞೆಯೂ ಮನುಷ್ಯನ ಜೇಬು ನೋಡಿ ಬದಲಾಗುತ್ತದೆಯೇ?

ಹಾಗಾಗಿ ಮರುದಿನ ಹೋದಾಗ ನಾನು ಉತ್ತರ ಹೇಳಲಿಲ್ಲ, ಲೆಕ್ಕ ಕೇಳಿದೆ. ಗಂಡ, ಮಗ, ಆ ತಾಯಿ, ನಾನು ನಾಲ್ವರೂ ಕೂತು ಒಂದು ಹಳೆಯ ನೋಟುಪುಸ್ತಕದಲ್ಲಿ ಬರೆದೆವು. ಡಾಕ್ಟರು ಹೇಳಿದ್ದು ಏನು? ಗಂಟು ಇನ್ನೂ ಚಿಕ್ಕದು, ಹರಡಿಲ್ಲ, ಚಿಕಿತ್ಸೆ ಪೂರ್ತಿ ಮಾಡಿಸಿದರೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ. ಅಂದರೆ ಚಿಕಿತ್ಸೆ ವ್ಯರ್ಥವಲ್ಲ. ಒಂದು ಶಸ್ತ್ರಚಿಕಿತ್ಸೆ, ಮೂರು ವಾರಕ್ಕೊಮ್ಮೆಯಂತೆ ಕೀಮೋ, ಆಮೇಲೆ ನಾಲ್ಕೈದು ವಾರ ವಾರಕ್ಕೆ ಐದು ದಿನ ರೇಡಿಯೇಷನ್, ಆಮೇಲೆ ಐದು ವರ್ಷ ದಿನಕ್ಕೊಂದು ಮಾತ್ರೆ. ಇದರಲ್ಲಿ ಆಸ್ಪತ್ರೆಯ ಒಳಗಿನ ಖರ್ಚಿನ ಬಹುಪಾಲನ್ನು ಮುಖ್ಯಮಂತ್ರಿ ವಿಮಾ ಯೋಜನೆಯ ಕಾರ್ಡು ಹೊರುತ್ತದೆ. ಹಾಗಾದರೆ ಹೊಲ ಮಾರುವ ಮಾತು ಎಲ್ಲಿಂದ ಬಂತು?

ಆಸ್ಪತ್ರೆಯ ಹೊರಗಿನಿಂದ ಬಂತು. ತಾಳವಾಡಿಯಿಂದ ದಿಂಬಂ ಘಟ್ಟದ ಇಪ್ಪತ್ತೇಳು ತಿರುವು ಇಳಿದು ಸತ್ಯಮಂಗಲ, ಅಲ್ಲಿಂದ ಕೊಯಮತ್ತೂರು. ವಾಂತಿ ಬರುವ ರೋಗಿಯನ್ನು ಆ ದಾರಿಯಲ್ಲಿ ದಿನಾ ಓಡಾಡಿಸಲಾಗದು, ಅಲ್ಲೇ ರೂಮು ಹಿಡಿಯಬೇಕು. ಜೊತೆಗೆ ಒಬ್ಬರು ಇರಬೇಕು, ಅವರ ಕೂಲಿ ಹೋಯಿತು. ಇಬ್ಬರ ಊಟ. ಕಾರ್ಡಿಗೆ ಸೇರದ ಪರೀಕ್ಷೆ, ಹೊರಗಿನ ಅಂಗಡಿಯ ಔಷಧಿ. ಮನೆಯಲ್ಲಿ ಹಸುವಿಗೆ ಹುಲ್ಲು ಹಾಕುವವರಿಲ್ಲ. ಅರಿಶಿನ ಕೀಳುವ ಸಮಯದಲ್ಲಿ ಮನೆಯಾಳು ಇಲ್ಲದೆ ಕೂಲಿಯಾಳು ಹಿಡಿಯಬೇಕು. ಅಷ್ಟರಲ್ಲಿ ಸಾಲ ಕೊಡುವವನು ಮನೆ ಬಾಗಿಲಿಗೇ ಬಂದಿದ್ದ. ಅವನ ಬಡ್ಡಿ ಸೇರಿಸಿದರೆ ಹೊಲ ಹೋಗುವುದು ಖಂಡಿತ.

ಈಗ ಕ್ಯಾನ್ಸರ್ ವೈದ್ಯರೇ ಇದಕ್ಕೊಂದು ಹೆಸರು ಕೊಟ್ಟಿದ್ದಾರೆ. ಕೀಮೋ ಔಷಧಿ ಕೂದಲು ಉದುರಿಸುವಂತೆ, ರಕ್ತ ಇಳಿಸುವಂತೆ, ಚಿಕಿತ್ಸೆಯ ಖರ್ಚೂ ಮನೆಗೆ ಏರುವ ಒಂದು ವಿಷ, ಆರ್ಥಿಕ ವಿಷ, ಎನ್ನುತ್ತಾರೆ. ಅದಕ್ಕೆ ಹೆದರಿ ಜನ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಾರೆ, ಎರಡು ಕೀಮೋ ಆದ ಮೇಲೆ ಹೋಗುವುದನ್ನೇ ಬಿಡುತ್ತಾರೆ.

ಎರಡು ಸಾವಿರ ವರ್ಷದ ಹಿಂದೆ ಸಂತ ಮಾರ್ಕನು ಇದನ್ನು ಗಮನಿಸಿದ್ದಾನೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿನ ಕಥೆ ಹೇಳುವಾಗ, ಆಕೆ ವೈದ್ಯರ ಹಿಂದೆ ಅಲೆದು ತನ್ನಲ್ಲಿದ್ದುದನ್ನೆಲ್ಲ ಕಳೆದುಕೊಂಡಿದ್ದಳು ಎಂಬುದನ್ನು ಅವನು ಬಿಡದೆ ಬರೆದಿದ್ದಾನೆ. ಆಕೆಯ ಕಷ್ಟವನ್ನು ವಿವರಿಸುವಾಗ ಹೋದ ರಕ್ತದ ಜೊತೆಗೆ ಹೋದ ಹಣವನ್ನೂ ಲೆಕ್ಕಕ್ಕೆ ಹಿಡಿದಿದ್ದಾನೆ. ನಾವು ರೋಗಿಗಳಿಗಾಗಿ ಪ್ರಾರ್ಥಿಸುವಾಗ ಮೊದಲನೆಯದನ್ನು ಮಾತ್ರ ನೆನೆಯುತ್ತೇವೆ.

ಆ ನೋಟುಪುಸ್ತಕದ ಲೆಕ್ಕ ನೋಡಿದಾಗ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಚಿಕಿತ್ಸೆ ಹೊರಲಾಗದ ಭಾರವೋ ಅಲ್ಲವೋ ಎಂಬುದು ಔಷಧಿಯ ಬಾಟಲಿಯ ಮೇಲೆ ಬರೆದಿರುವುದಿಲ್ಲ. ಎಷ್ಟು ಜನ ಹೊರುತ್ತಾರೆ ಎಂಬುದರ ಮೇಲೂ ಅದು ನಿಂತಿದೆ. ನೂರು ಕಿಲೋ ಅರಿಶಿನದ ಮೂಟೆಯನ್ನು ಒಬ್ಬಳು ಮುದುಕಿ ಎತ್ತಲಾರಳು. ನಾಲ್ಕು ಜನ ಮೂಲೆಗೊಬ್ಬರು ಹಿಡಿದರೆ ಅದೇ ಮೂಟೆ ಲಾರಿ ಏರುತ್ತದೆ. ಮೂಟೆಯ ತೂಕ ಬದಲಾಗಿಲ್ಲ. ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಬಳಿಗೆ ತಂದವರೂ ನಾಲ್ವರು, ಮಾಳಿಗೆ ಬಿಚ್ಚಿ ಇಳಿಸಿದರು. ಯೇಸು ಮೆಚ್ಚಿದ್ದು ಆ ಹೊತ್ತವರ ವಿಶ್ವಾಸವನ್ನೂ ಸೇರಿಸಿ.

ಆದ್ದರಿಂದ "ಖರ್ಚಿನ ಕಾರಣಕ್ಕೆ ಚಿಕಿತ್ಸೆ ಬೇಡವೆನ್ನಬಹುದು" ಎಂಬ ಬೋಧನೆ ರೋಗಿಗೆ ಸಮಾಧಾನ, ಆದರೆ ಉಳಿದ ನಮಗೆ ಅದು ಪ್ರಶ್ನೆ. ಆಕೆಯ ಪಾಲಿಗೆ ಪಾಪವಿಲ್ಲದಿರಬಹುದು. ಹೊರಬಲ್ಲವರು ಹೊರದೆ ನಿಂತು ನೋಡಿದ್ದರೆ, ಪಾಪ ನಮ್ಮ ಪಾಲಿಗೆ ಬರುತ್ತದೆ. ಒಬ್ಬಳನ್ನೇ ಮೂಟೆಯ ಕೆಳಗೆ ಬಿಟ್ಟು, ಆಮೇಲೆ "ಅವಳೇ ಬೇಡ ಅಂದಳು" ಎನ್ನುವುದು ಅವಳ ಸ್ವಾತಂತ್ರ್ಯಕ್ಕೆ ಕೊಡುವ ಗೌರವವಲ್ಲ.

ಇನ್ನೊಂದು ಮಾತೂ ಇದೆ. ನಾನು ಆ ತಾಯಿಯನ್ನು ಕೇಳಿದೆ: "ಈ ಕಾಯಿಲೆ ನಿಮ್ಮ ಯಜಮಾನರಿಗೆ ಬಂದಿದ್ದರೆ?" ಅವರು ತಡಮಾಡದೆ ಕಿವಿಯ ಓಲೆ ಮುಟ್ಟಿ ತೋರಿಸಿದರು, ಇದನ್ನು ಮಾರಿಯಾದರೂ ಮಾಡಿಸುತ್ತಿದ್ದೆ ಎಂದು. ಹೊಲಕ್ಕಿಂತ ಗಂಡನ ಜೀವ ದೊಡ್ಡದು, ತನ್ನ ಜೀವಕ್ಕಿಂತ ಹೊಲ ದೊಡ್ಡದು ಎಂದು ನಮ್ಮ ಹೆಣ್ಣುಮಕ್ಕಳಿಗೆ ಕಲಿಸಿದವರು ಯಾರು? ಅದನ್ನು ತ್ಯಾಗ ಎಂದು ಹೊಗಳಿ ಪ್ರಸಂಗ ಮಾಡುವ ಮೊದಲು ನಾವು ಸ್ವಲ್ಪ ಯೋಚಿಸಬೇಕು.

ನಮ್ಮ ಸಂತ ವಿನ್ಸೆಂಟ್ ದೆ ಪೌಲರ ಸಂಘದ ಸಭೆಯಲ್ಲಿ ಈ ವಿಷಯ ಇಟ್ಟಾಗ ಮೂರು ಆಕ್ಷೇಪಗಳು ಬಂದವು. ಮೂರೂ ಪ್ರಾಮಾಣಿಕವಾದವು.

ಒಬ್ಬರು ಹೇಳಿದರು: "ಇಂದು ಒಂದು ಮನೆ, ನಾಳೆ ಹತ್ತು ಮನೆ. ನಮ್ಮದು ಚಿಕ್ಕ ಧರ್ಮಕೇಂದ್ರ. ಎಲ್ಲಿಂದ ತರೋಣ?" ಇದಕ್ಕೆ ಸಂತ ಲೂಕನು ಬರೆದ ಆ ಸಮಾರಿಯದವನ ಕಡೆ ನೋಡಬೇಕು. ಅವನು ಎಲ್ಲ ಗಾಯಾಳುಗಳನ್ನೂ ನೋಡಿಕೊಳ್ಳುತ್ತೇನೆ ಎನ್ನಲಿಲ್ಲ. ದಾರಿಯಲ್ಲಿ ಸಿಕ್ಕಿದ ಒಬ್ಬನನ್ನು ಎತ್ತಿದ. ತನ್ನ ಕೈಯಿಂದ ಆದಷ್ಟು ಮಾಡಿದ, ಎಣ್ಣೆ, ದ್ರಾಕ್ಷಾರಸ, ಬಟ್ಟೆ. ಉಳಿದದ್ದಕ್ಕೆ ಆಗಲೇ ಇದ್ದ ಒಂದು ಛತ್ರಕ್ಕೆ ಒಪ್ಪಿಸಿದ. ಎರಡು ದಿನಾರಿ ಕೊಟ್ಟ, ಅದು ಕೂಲಿಯವನ ಎರಡು ದಿನದ ಸಂಬಳ, ದೊಡ್ಡ ಮೊತ್ತವೇನಲ್ಲ. ಹೆಚ್ಚು ಬಿದ್ದರೆ ತಿರುಗಿ ಬಂದಾಗ ಕೊಡುವೆನೆಂದು ಮಾತು ಕೊಟ್ಟ. ನನಗೆ ಈ ಕೊನೆಯದೇ ಮುಖ್ಯವಾಗಿ ಕಾಣುತ್ತದೆ. ಒಮ್ಮೆ ಚಂದಾ ಎತ್ತಿ ಕೊಟ್ಟು ಮರೆಯುವುದು ಸುಲಭ. ಕ್ಯಾನ್ಸರ್ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಮೊದಲ ವಾರ ಮನೆ ತುಂಬ ಜನ, ಐದನೆಯ ಕೀಮೋಗೆ ಯಾರೂ ಇರುವುದಿಲ್ಲ. ತಿರುಗಿ ಬರುವವನೇ ನೆರೆಯವನು.

ಇನ್ನೊಬ್ಬರು ಹೇಳಿದರು: "ಕೆಲವರು ಹೊಗೆಸೊಪ್ಪು ಜಗಿದು, ಬೀಡಿ ಸೇದಿ ತಾವೇ ತಂದುಕೊಂಡ ರೋಗ. ಅದಕ್ಕೂ ನಾವೇ ಕೊಡಬೇಕೇ?" ತಂಬಾಕು ಬಾಯಿ ಮತ್ತು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ ಎಂಬುದು ನಿಜ, ಅದನ್ನು ಯುವಕರಿಗೆ ಹೇಳಲೇಬೇಕು. ಆದರೆ ಹಾಸಿಗೆ ಹಿಡಿದವನ ಮುಂದೆ ಆ ಪ್ರಶ್ನೆ ತೆಗೆಯುವುದು ಗಾಯದ ಮೇಲೆ ಬರೆ. ಕಳ್ಳರಿರುವ ದಾರಿಯಲ್ಲಿ ಒಬ್ಬನೇ ಯಾಕೆ ಹೋದೆ ಎಂದು ಸಮಾರಿಯದವನು ಕೇಳಲಿಲ್ಲ.

ಮೂರನೆಯವರ ಮಾತು: "ಕೇಳದವರಿಗೆ ಹೇಗೆ ಕೊಡುವುದು? ಅವರು ಬಂದು ಕೇಳಲಿ." ಇದಕ್ಕೆ ನನ್ನದೇ ಒಂದು ತಪ್ಪನ್ನು ಹೇಳಬೇಕು. ಹಿಂದೊಮ್ಮೆ ಒಂದು ಕುಟುಂಬಕ್ಕಾಗಿ ವಿಶೇಷ ಕಾಣಿಕೆ ಎತ್ತಿದಾಗ ಅವರ ಹೆಸರು, ಕಾಯಿಲೆ, ಸಾಲದ ಮೊತ್ತ ಎಲ್ಲವನ್ನೂ ಪೂಜೆಯ ಕೊನೆಯಲ್ಲಿ ಓದಿದವಳು ನಾನು. ಹಣ ಕೊಡುವಾಗ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿದೆವು. ಹಣ ಚೆನ್ನಾಗಿಯೇ ಬಂತು. ಆದರೆ ಆ ಮನೆಯ ಹೆಣ್ಣುಮಗಳು ನಾಲ್ಕು ತಿಂಗಳು ಪೂಜೆಗೆ ಬರಲಿಲ್ಲ. ಆಮೇಲೆ ತಿಳಿಯಿತು, ಕಾಯಿಲೆಗಿಂತ ಆ ಫೋಟೋ ಅವಳನ್ನು ಹೆಚ್ಚು ಸುಟ್ಟಿತ್ತು. ರಕ್ತಸ್ರಾವದ ಹೆಂಗಸೂ ಗುಂಪಿನ ಮರೆಯಲ್ಲಿ, ಹಿಂದಿನಿಂದ ಬಂದಳು, ಎದುರಿಗೆ ಬಂದು ಕೇಳಲಿಲ್ಲ. ಕೇಳುವುದು ಎಷ್ಟು ಕಷ್ಟ ಎಂದು ಕೇಳಿ ಗೊತ್ತಿಲ್ಲದವರಿಗೆ ತಿಳಿಯದು. ಯೇಸು ಆಕೆಯನ್ನು ಎಲ್ಲರೆದುರು ಮಾತನಾಡಿಸಿದ್ದು ನಿಜ, ಆದರೆ ಅದು ಮಗಳೇ ಎಂದು ಕರೆದು ಸಮುದಾಯದೊಳಕ್ಕೆ ಸೇರಿಸಿಕೊಳ್ಳಲು. ನಾನು ಮಾಡಿದ್ದು ಬೇರೆ.

ನಮ್ಮ ಸೀಮೆಯಲ್ಲಿ ಇದಕ್ಕೆ ಹಳೆಯದೊಂದು ದಾರಿ ಇದೆ. ಮುಯ್ಯಾಳು. ನಿಮ್ಮ ಹೊಲದ ನಾಟಿಗೆ ನಮ್ಮ ಮನೆಯಾಳು, ನಮ್ಮ ಹೊಲದ ಕುಯ್ಲಿಗೆ ನಿಮ್ಮ ಮನೆಯಾಳು. ಅದರಲ್ಲಿ ಕೊಡುವವನು ಮೇಲಲ್ಲ, ಪಡೆಯುವವನು ಕೆಳಗಲ್ಲ, ಯಾರೂ ಕೈಯೊಡ್ಡಬೇಕಿಲ್ಲ. ನಾವು ಆ ತಾಯಿಗೆ ಧರ್ಮಕ್ಕೆ ಕೊಡುತ್ತೇವೆ ಎನ್ನಲಿಲ್ಲ, ಮುಯ್ಯಿ ಎಂದೆವು. ಅವರ ಅರಿಶಿನವನ್ನು ಕೇರಿಯವರು ಕಿತ್ತರು, ಬೇಯಿಸಿದರು. ಕಿತ್ತವರಲ್ಲಿ ನಮ್ಮವರೂ ಇದ್ದರು, ಮಾರಮ್ಮನ ಗುಡಿಯ ಒಕ್ಕಲಿನವರೂ ಇದ್ದರು, ಮಸೀದಿ ಬೀದಿಯವರೂ ಇದ್ದರು. ಹಸುವನ್ನು ಪಕ್ಕದ ಮನೆಯವರು ಕಟ್ಟಿಕೊಂಡರು. ರೇಡಿಯೇಷನ್ನಿನ ವಾರಗಳಲ್ಲಿ ಐದು ಮನೆಯ ಹೆಂಗಸರು ಸರದಿಯ ಮೇಲೆ ಜೊತೆಗೆ ಉಳಿದರು, ಮಗ ಕೂಲಿ ಬಿಡಬೇಕಾಗಲಿಲ್ಲ. ಕೊಯಮತ್ತೂರಿನಲ್ಲಿ ನಮ್ಮ ಧರ್ಮಪ್ರಾಂತ್ಯದ ತಮಿಳು ಸೋದರಿಯರ ಪರಿಚಯದಿಂದ ಕಡಿಮೆ ಬಾಡಿಗೆಯ ಕೋಣೆ ಸಿಕ್ಕಿತು. ನಗದಾಗಿ ಬೇಕಾದದ್ದು ನಾವು ಹೆದರಿದ್ದಕ್ಕಿಂತ ಬಹಳ ಕಡಿಮೆ. ಅದು ತಪಸ್ಸುಕಾಲದ ಡಬ್ಬಿಯಿಂದ, ಹೆಸರಿಲ್ಲದೆ ಬಂತು.

ಒಂದು ಕೆಲಸ ಮಾತ್ರ ಹಣಕ್ಕಿಂತ ಕಷ್ಟವಾಯಿತು, ಅದು ಕಾಗದ. ನಮ್ಮ ಹಿರಿಯರಿಗೆ ಕನ್ನಡ ಓದಲು ಬರುತ್ತದೆ, ಅರ್ಜಿ ತಮಿಳಿನಲ್ಲಿರುತ್ತದೆ. ವರ್ಷಕ್ಕೆ 1,20,000 ರೂಪಾಯಿಯೊಳಗೆ ಆದಾಯವಿರುವ ಕುಟುಂಬಕ್ಕೆ ತಮಿಳುನಾಡಿನ ಮುಖ್ಯಮಂತ್ರಿ ವಿಮಾ ಯೋಜನೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಹೊರುತ್ತದೆ. ಆದರೆ ಗ್ರಾಮ ಆಡಳಿತ ಅಧಿಕಾರಿಯ ಆದಾಯ ಪತ್ರ ಮತ್ತು ರೇಷನ್ ಕಾರ್ಡು ಸರಿಯಿರಬೇಕು. ನಮಗೆ ಚಾಮರಾಜನಗರ, ಮೈಸೂರು ಹತ್ತಿರ, ಕಾರ್ಡು ಮಾತ್ರ ಈ ರಾಜ್ಯದ್ದು. ಗಡಿ ದಾಟಿ ಆಸ್ಪತ್ರೆಗೆ ಸೇರುವ ಮೊದಲು ಅಲ್ಲಿ ನಮ್ಮ ಕಾರ್ಡು ನಡೆಯುತ್ತದೆಯೇ ಎಂದು ವಿಚಾರಿಸಲೇಬೇಕು, ಸೇರಿದ ಮೇಲೆ ಕೇಳಿದರೆ ತಡವಾಯಿತು. ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ 1954ರಿಂದ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಬಡ ರೋಗಿಗಳನ್ನು ನೋಡುತ್ತ ಬಂದಿವೆ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಸಮಾಜ ಕಾರ್ಯಕರ್ತರು ಇರುತ್ತಾರೆ. ಮೊದಲ ದಿನವೇ ಅವರನ್ನು ಕಂಡು ಸಹಾಯನಿಧಿ, ಧರ್ಮಶಾಲೆಗಳ ವಿಷಯ ಕೇಳಬೇಕು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಎಸಿ ಮೂರನೆಯ ದರ್ಜೆಯಲ್ಲಿ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗಿರುವವರಿಗೆ ಶೇಕಡಾ 75 ರಿಯಾಯಿತಿ ಇದೆ. ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಪತ್ರ ತರಬೇಕು. 2019ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ 42 ಕ್ಯಾನ್ಸರ್ ಔಷಧಿಗಳ ಮೇಲಿನ ವ್ಯಾಪಾರದ ಲಾಭಕ್ಕೆ ಶೇಕಡಾ 30ರ ಮಿತಿ ಹಾಕಿದೆ. ಇವು ಯಾರ ದಾನವೂ ಅಲ್ಲ, ನಮ್ಮ ಹಕ್ಕು. ಹಕ್ಕು ಸಿಗದೆ ಇದ್ದಾಗ ದಾನದಿಂದ ತುಂಬುವುದು ಒಳ್ಳೆಯದು, ಆದರೆ ಹಕ್ಕನ್ನು ಕೊಡಿಸುವುದು ಅದಕ್ಕಿಂತ ಒಳ್ಳೆಯದು. ತಮಿಳು ಓದಿದ ನಮ್ಮ ಯುವಕ ಯುವತಿಯರು ಒಂದು ಅರ್ಜಿ ತುಂಬಿಕೊಟ್ಟರೆ ಅದೂ ಕರುಣೆಯ ಕಾರ್ಯವೇ.

ಆ ತಾಯಿ ಚಿಕಿತ್ಸೆ ಮುಗಿಸಿದರು. ಹೊಲ ಉಳಿಯಿತು. ಈಗಲೂ ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಾರೆ.

ಎಲ್ಲ ಕಥೆಗಳೂ ಹೀಗೆ ಮುಗಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಮರುವರ್ಷ ಎಂಬತ್ತು ದಾಟಿದ ಒಬ್ಬ ಹಿರಿಯರಿಗೆ ಕ್ಯಾನ್ಸರ್ ಯಕೃತ್ತಿಗೆ ಹರಡಿದ್ದು ಕಂಡಿತು. ಮಕ್ಕಳು ಎಲ್ಲವನ್ನೂ ಮಾರಿ ದೊಡ್ಡ ಆಸ್ಪತ್ರೆಗೆ ಒಯ್ಯಲು ಹೊರಟರು. "ಇಲ್ಲದಿದ್ದರೆ ಅಪ್ಪನನ್ನು ಬಿಟ್ಟುಬಿಟ್ಟರು ಅನ್ನುತ್ತದೆ ಊರು" ಎಂಬ ಹೆದರಿಕೆಯೂ ಅದರಲ್ಲಿ ಸೇರಿತ್ತು. ನಾವು ಅವರ ಮುಂದೆಯೂ ಮುಯ್ಯಿಯ ಮಾತಿಟ್ಟೆವು. ಅವರು ಪೂರ್ತಿ ಕೇಳಿಸಿಕೊಂಡು, ನಕ್ಕು, ಹಣವಿದ್ದರೂ ತನಗೆ ಸಾಕು ಎಂದರು. ಗುರುಗಳು ಪರಮಪ್ರಸಾದ ತಂದರು, ನೋವಿಗೆ ಡಾಕ್ಟರು ಮಾರ್ಫಿನ್ ಮಾತ್ರೆ ಕೊಟ್ಟರು, ಧರ್ಮಸಭೆ ಅದಕ್ಕೆ ಅಡ್ಡಿ ಹೇಳುವುದಿಲ್ಲ. ಎರಡು ತಿಂಗಳು ಮೊಮ್ಮಕ್ಕಳ ನಡುವೆ, ಜಗುಲಿಯ ಮಂಚದ ಮೇಲೆ ಕಳೆದು ಹೋದರು.

ಆ ತಾಯಿಯೂ ಸಾಕು ಎಂದಿದ್ದರು, ಈ ಅಜ್ಜನೂ ಸಾಕು ಎಂದರು. ಮಾತು ಒಂದೇ. ಒಂದು ಒಂಟಿಯಾಗಿ ಭಾರ ಹೊತ್ತವರ ಬಾಯಿಂದ ಬಂತು, ಇನ್ನೊಂದು ಭಾರವನ್ನು ನಾಲ್ಕು ಜನ ಹಿಡಿದ ಮೇಲೆ ಬಂತು. ಮೊದಲು ಹೆಗಲು ಕೊಟ್ಟು, ಆಮೇಲೆ ಅವರ ಮಾತು ಕೇಳಬೇಕು ಎಂಬುದನ್ನು ನಾನು ಈ ಇಬ್ಬರಿಂದ ಕಲಿತೆ. ಹೆಗಲು ಕೊಟ್ಟ ಮೇಲೂ ಅವರು ಬೇಡ ಎಂದರೆ ಅದನ್ನು ಗೌರವಿಸೋಣ, ದೇವರ ಕೈಗೆ ಒಪ್ಪಿಸೋಣ.

ಈ ವರ್ಷ ಅಭ್ಯಂಗದ ದಿನ ಮುಂದಿನ ಬೆಂಚಿನಲ್ಲಿ ಕೂತವರನ್ನು ನೋಡುವಾಗ ಒಂದು ಕೆಲಸ ಮಾಡೋಣ. ಅವರಲ್ಲಿ ಒಬ್ಬರ ಮನೆಗೆ ಆ ವಾರವೇ ಇಬ್ಬರಾಗಿ ಹೋಗೋಣ. ಏನು ಬೇಕು ಎಂದು ಕೇಳಿದರೆ ಏನೂ ಬೇಡ ಎನ್ನುತ್ತಾರೆ. ಆದ್ದರಿಂದ ಆಸ್ಪತ್ರೆಗೆ ಜೊತೆ ಯಾರು ಬರುತ್ತಾರೆ, ಹಸು ಯಾರು ನೋಡುತ್ತಾರೆ, ಕಾರ್ಡಿನ ಕಾಗದ ಆಗಿದೆಯೇ ಎಂದು ಕೇಳೋಣ. ಮುಂದಿನ ತಿಂಗಳು ತಿರುಗಿ ಹೋಗೋಣ.

ರೋಗಿಗಳ ಆರೋಗ್ಯಮಾತೆ ಮರಿಯಮ್ಮನವರು ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.

– ಧರ್ಮಕೇಂದ್ರದ ಒಬ್ಬ ನಿವೃತ್ತ ಶಿಕ್ಷಕಿ